ರಾಕ್ ಗಾಯಕರು ಬ್ಲೂಗ್ರಾಸ್‌ನವರ ಜೊತೆ ಹಾಡಿದರೆ ಬಗ್ಗಬೇಕಾದ್ದು ಯಾರು?

ನಾಕನೇ ಬ್ಲಾಕ್:
ನಾನು ಲೆಡ್ ಜೆಪ್ಪೆಲಿನ್ ಎಂಬ ರಾಕ್ ತಂಡವನ್ನು ಕೇಳಿಕೊಂಡೇ ಬೆಳೆದವನು. ಅದರ ಗಾಯಕ ರಾಬರ್ಟ್ ಪ್ಲಾಂಟ್ ಅಂದರೆ ನನಗೆ ಆಕಾಶಕ್ಕೆ ಏರುವ ಆ ಕೂಗು. ಮೊನ್ನೆ ಗೆಳೆಯನೊಬ್ಬ ‘ರೇಸಿಂಗ್ ಸ್ಯಾಂಡ್’ ಕೇಳಲೇಬೇಕು ಅಂತ ತಲೆ ತಿಂದ. 2007ರ ಆಲ್ಬಂ. ಪ್ಲಾಂಟ್ ಮತ್ತು ಬ್ಲೂಗ್ರಾಸ್ ಗಾಯಕಿ ಆಲಿಸನ್ ಕ್ರಾಸ್ ಸೇರಿ ಮಾಡಿದ್ದು. ಪೂರ್ತಿ ಕೇಳಿದೆ. ಕೆಟ್ಟದಾಗಿದೆ ಅಂತ ಹೇಳೋಲ್ಲ. ಆದರೆ ನಮ್ಮ ಪ್ಲಾಂಟ್ ಎಲ್ಲಿ ಸಾರ್? ಪಕ್ಕದ ಮನೆಯಲ್ಲಿ ಮಗು ಮಲಗಿದೆ ಅನ್ನೋ ಹಾಗೆ ಮೆಲ್ಲಗೆ ಹಾಡುತ್ತಾನೆ. ಇದಕ್ಕೆ 2009ರಲ್ಲಿ ಐದು ಗ್ರ್ಯಾಮಿ, ಅದರಲ್ಲೂ ವರ್ಷದ ಆಲ್ಬಂ ಪ್ರಶಸ್ತಿ! ಜೆಪ್ಪೆಲಿನ್ 2007ರ ಡಿಸೆಂಬರಿನಲ್ಲಿ ಲಂಡನ್ನಿನ ಓ2 ಸಭಾಂಗಣದಲ್ಲಿ ಮತ್ತೆ ಒಂದಾಗಿ ನುಡಿಸಿತು. ಆಮೇಲೆ ಪ್ರಪಂಚವೆಲ್ಲ ಟೂರ್‌ಗೆ ಕಾಯುತ್ತಿದ್ದರೆ ಇವನು ಈಕೆಯ ಜೊತೆ ಊರೂರು ಸುತ್ತಲು ಹೋದ.

ನನ್ನ ಪ್ರಶ್ನೆ ಇಷ್ಟೇ. ರಾಕ್‌ನವರು ಬ್ಲೂಗ್ರಾಸ್‌ನವರ ಜೊತೆ ಸೇರಿದಾಗೆಲ್ಲ ರಾಕ್‌ನವರೇ ಯಾಕೆ ತಗ್ಗಿ ಬಗ್ಗಿ ಹಾಡಬೇಕು?

ಸುಮ್ನೆ ಓದುಗ:
ಪಾಪ್‌ಕಾರ್ನ್ ತಂದುಕೊಂಡು ಕೂತಿದ್ದೇನೆ.

ಗಿಟಾರ್ ಗೌಡ:
ಗುರು, ಮೊದಲು ಒಂದು ಮಾತು. ಅದು ಬ್ಲೂಗ್ರಾಸ್ ಆಲ್ಬಮ್ಮೇ ಅಲ್ಲ. ಡ್ರಮ್ಸ್ ಇದೆ, ಮಾರ್ಕ್ ರಿಬೋನ ಎಲೆಕ್ಟ್ರಿಕ್ ಗಿಟಾರ್ ಇದೆ. ಬ್ಲೂಗ್ರಾಸ್‌ನಲ್ಲಿ ಡ್ರಮ್ಸ್ ಎಲ್ಲಿಂದ ಬಂತು? ಪ್ರೊಡ್ಯೂಸರ್ ಟಿ ಬೋನ್ ಬರ್ನೆಟ್ ಇಬ್ಬರನ್ನೂ ಅವರವರ ಮನೆಯಿಂದ ಹೊರಗೆ ಕರೆದುಕೊಂಡು ಬಂದು ಮೂರನೇ ಜಾಗದಲ್ಲಿ ನಿಲ್ಲಿಸಿದ. ಬಗ್ಗಿದ್ದು ಇಬ್ಬರೂ.

ಧಾರವಾಡ ಪೇಡೆ:
ಬ್ಲೂಗ್ರಾಸ್ ಅಂದರೆ ಏನು ಅಂತ ಗೊತ್ತಿಲ್ಲದವರೂ ಇಲ್ಲಿ ಇದ್ದೇವೆ ರೀ. ಸ್ವಲ್ಪ ಬಿಡಿಸಿ ಹೇಳ್ರಿ. ಕಂಟ್ರಿ ಮ್ಯೂಸಿಕ್ ಅಂತ ಅಂದುಕೊಂಡಿದ್ದೆ.

ಹಳೇ ಕ್ಯಾಸೆಟ್:
@ಧಾರವಾಡ ಪೇಡೆ ಕಂಟ್ರಿಯ ಹೊಟ್ಟೆಯಿಂದಲೇ ಬಂದದ್ದು. ಕೆಂಟಕಿಯ ಬಿಲ್ ಮನ್ರೋ ಎಂಬ ಮ್ಯಾಂಡೊಲಿನ್ ವಾದಕರ ತಂಡದ ಹೆಸರು ಬ್ಲೂ ಗ್ರಾಸ್ ಬಾಯ್ಸ್. 1945ರ ಕೊನೆಗೆ ಅರ್ಲ್ ಸ್ಕ್ರಗ್ಸ್ ಎಂಬ ಹುಡುಗ ಬ್ಯಾಂಜೋ ಹಿಡಿದು ಆ ತಂಡಕ್ಕೆ ಬಂದ. ಹೆಬ್ಬೆರಳು, ತೋರುಬೆರಳು, ನಡುಬೆರಳಿಗೆ ಪಿಕ್ ಹಾಕಿಕೊಂಡು ಮೂರು ಬೆರಳಲ್ಲಿ ಸುರಿಮಳೆ ಸುರಿಸಿದ. ಅಲ್ಲಿಗೆ ಬ್ಲೂಗ್ರಾಸ್ ಹುಟ್ಟಿತು ಅಂತ ಬಹಳ ಜನ ಹೇಳುತ್ತಾರೆ. ಮ್ಯಾಂಡೊಲಿನ್, ಬ್ಯಾಂಜೋ, ಫಿಡಲ್, ಗಿಟಾರ್, ನಿಲ್ಲಿಸಿ ನುಡಿಸುವ ದೊಡ್ಡ ಬೇಸ್. ಇಷ್ಟೇ ವಾದ್ಯ. ಮೇಲೆ ಎತ್ತರದ ಶ್ರುತಿಯಲ್ಲಿ, ಎದೆ ಕೊರೆಯುವ ಹಾಗೆ ಹಾಡುವುದು.

ಡ್ರಮ್ಸ್ ಇಲ್ಲ ಅನ್ನುವುದು ಮುಖ್ಯ. ಬೇಸ್ ‘ಧುಂ’ ಅಂದ ಮೇಲೆ, ಮ್ಯಾಂಡೊಲಿನ್‌ನವನು ತಂತಿ ಒತ್ತಿ ಹೊಡೆದು ತಕ್ಷಣ ಬೆರಳು ಸಡಿಲಿಸುತ್ತಾನೆ. ‘ಚಕ್’ ಅನ್ನುತ್ತದೆ. ಧುಂ ಚಕ್, ಧುಂ ಚಕ್. ಡ್ರಮ್ಮಿನ ಕೆಲಸ ಅದೇ ಮಾಡುತ್ತದೆ. ಒಂದ್ಸಲ ಕಿವಿಗೆ ಸಿಕ್ಕಿತು ಅಂದರೆ ಆಮೇಲೆ ಬಿಡುವುದಿಲ್ಲ.

ಕುಡ್ಲದ ಮೀನು:
ಬ್ಯಾಂಜೋ ಅಂದರೆ ನಮ್ಮಲ್ಲಿ ಭಜನೆಗೆ ನುಡಿಸುವುದಲ್ವಾ ಮಾರಾಯ್ರೆ? ಟೈಪ್‌ರೈಟರ್ ತರಹ ಗುಂಡಿ ಇರುವುದು?

ಹಳೇ ಕ್ಯಾಸೆಟ್:
ಅದು ಬುಲ್‌ಬುಲ್ ತರಂಗ್. ಬೇರೆ ವಾದ್ಯ. ಅಮೆರಿಕದ್ದು ಐದು ತಂತಿಯದು, ದುಂಡಗೆ ಚರ್ಮ ಬಿಗಿದ ಡೋಲಿನ ಮೇಲೆ ತಂತಿ ಎಳೆದದ್ದು. ಅದರ ಮೂಲ ಆಫ್ರಿಕಾ. ಗುಲಾಮರಾಗಿ ಹೋದವರ ಜೊತೆ ಅಮೆರಿಕಕ್ಕೆ ಬಂತು.

ಷಡ್ಜ:
ನಾಕನೇ ಬ್ಲಾಕ್ ಅವರ ಪ್ರಶ್ನೆಗೆ ಬರುತ್ತೇನೆ. ನಾನು ಮಕ್ಕಳಿಗೆ ಸಂಗೀತ ಹೇಳಿಕೊಡುವವಳು. ರಾಕ್ ನನಗೆ ಅಷ್ಟಕ್ಕಷ್ಟೆ. ಆದರೆ ಈ ಆಲ್ಬಂ ಕೇಳಿದ್ದೇನೆ. ಪ್ಲಾಂಟ್ ಯಾಕೆ ಮೆಲ್ಲಗೆ ಹಾಡುತ್ತಾರೆ ಅನ್ನುವುದಕ್ಕೆ ಭಯ ಭಕ್ತಿ ಕಾರಣ ಅಲ್ಲ. ಲೆಕ್ಕಾಚಾರ ಕಾರಣ.

ನಮ್ಮಲ್ಲಿ ಇಬ್ಬರು ಒಟ್ಟಿಗೆ ಹಾಡಿದರೆ ಒಂದೇ ಸ್ವರ ಹಾಡುತ್ತೇವೆ, ಇಲ್ಲ ಒಬ್ಬರಾದ ಮೇಲೆ ಒಬ್ಬರು ಹಾಡುತ್ತೇವೆ. ಅವರಲ್ಲಿ ಹಾಗಲ್ಲ. ಮುಖ್ಯ ಗಾಯಕ ಸ ರಿ ಗ ಅಂತ ಹೋದರೆ ಜೊತೆಯವರು ಅದೇ ಹೊತ್ತಿಗೆ ಗ ಮ ಪ ಅಂತ ಹೋಗುತ್ತಾರೆ. ಮೇಲಿನ ಆ ದನಿಗೆ ಟೆನರ್ ಅನ್ನುತ್ತಾರೆ. ಕೆಳಗೆ ಇನ್ನೊಬ್ಬರಿದ್ದರೆ ಅದು ಬ್ಯಾರಿಟೋನ್. ಈಗ ಯೋಚಿಸಿ. ಮುಖ್ಯ ಗಾಯಕನಿಗೆ ಹುಕಿ ಬಂದು ಗಾಂಧಾರದ ಮೇಲೆ ಒಂದು ಓಲಾಟ ಹಾಕಿದ ಅಂದರೆ ಏನಾಗುತ್ತದೆ? ಜೊತೆಯವರ ಸ್ವರಕ್ಕೆ ಹೋಗಿ ಗುದ್ದುತ್ತದೆ. ಉಸಿರು ಎಲ್ಲಿ ತೆಗೆದುಕೊಳ್ಳಬೇಕು, ಪದದ ಕೊನೆಯ ಅಕ್ಷರ ಎಲ್ಲಿ ಮುಚ್ಚಬೇಕು, ಎಲ್ಲ ಮೊದಲೇ ಗಟ್ಟಿ ಮಾಡಿಕೊಳ್ಳಬೇಕು. ಪ್ಲಾಂಟ್ ಒಂದು ಹಾಡನ್ನು ದಿನಕ್ಕೊಂದು ತರಹ ಹಾಡುವ ಮನುಷ್ಯ. ಕ್ರಾಸ್ ಚಿಕ್ಕಂದಿನಿಂದ ಈ ಶಿಸ್ತಿನಲ್ಲೇ ಬೆಳೆದವರು. ಐವತ್ತರ ಕೊನೆಗೆ ಬಂದ ರಾಕ್ ದೊರೆ ಮೂವತ್ತು ದಾಟಿದ ಹೆಣ್ಣುಮಗಳ ಪಕ್ಕ ನಿಂತು ಒಂದೊಂದೇ ಸ್ವರ ಕೂಡಿಸುವುದು ಕಲಿತರು. ಇದು ಸೋಲು ಅಂತ ನಿಮಗೆ ಅನಿಸಿದರೆ ನನ್ನ ಪಾಠಕ್ಕೆ ಬನ್ನಿ.

ನಾಕನೇ ಬ್ಲಾಕ್:
ಮೇಡಂ, ಕಲಿತದ್ದು ಸರಿ. ಆದರೆ ಹುಲಿಗೆ ಲೆಕ್ಕ ಕಲಿಸಿ ಏನು ಪ್ರಯೋಜನ? ನನಗೆ ಹುಲಿ ಬೇಕು.

ಸುಮ್ನೆ ಓದುಗ:
ಈ ಸಾಲಿಗೆ ಹತ್ತು ಲೈಕ್.

ರಾಲಿ ರಾಯರು:
ನಮಸ್ಕಾರ. ನಾನು ನಾರ್ತ್ ಕೆರೊಲಿನಾದ ರಾಲಿಯಲ್ಲಿ ಇರುವವನು. ಅರ್ಲ್ ಸ್ಕ್ರಗ್ಸ್ ಇದೇ ರಾಜ್ಯದವರು. 2013ರಿಂದ 2024ರವರೆಗೆ ಇಂಟರ್‌ನ್ಯಾಷನಲ್ ಬ್ಲೂಗ್ರಾಸ್ ಮ್ಯೂಸಿಕ್ ಅಸೋಸಿಯೇಷನ್ ತನ್ನ ವರ್ಷದ ಸಮಾವೇಶವನ್ನು ನಮ್ಮ ಊರಲ್ಲೇ ನಡೆಸುತ್ತಿತ್ತು. ಈಗ ಟೆನೆಸ್ಸಿಯ ಚಾಟನೂಗಕ್ಕೆ ಹೋಗಿದೆ, ನಮಗೆ ಬೇಜಾರು. ಆಗ ಊರ ಮಧ್ಯದ ರಸ್ತೆ ಮುಚ್ಚಿ ಬಿಟ್ಟಿ ಕಾರ್ಯಕ್ರಮ ಇಡುತ್ತಿದ್ದರು. ನಮ್ಮ ಕನ್ನಡದ ಕುಟುಂಬಗಳೂ ಮಕ್ಕಳನ್ನು ಕರೆದುಕೊಂಡು ಹೋಗುತ್ತಿದ್ದೆವು.

ಅಲ್ಲಿ ನಾನು ಗಮನಿಸಿದ್ದು ಹೇಳುತ್ತೇನೆ. ವೇದಿಕೆಯಲ್ಲಿ ಒಂದೇ ಮೈಕ್ ಇಟ್ಟುಕೊಂಡು ಹಾಡುವ ತಂಡಗಳಿವೆ. ಹಾಡುವವರು ಮೂವರೂ ಮುಖಕ್ಕೆ ಮುಖ ಕೊಟ್ಟು ಮೈಕಿನ ಹತ್ತಿರ ಬರುತ್ತಾರೆ. ಹಾಡು ಮುಗಿಯುತ್ತಿದ್ದ ಹಾಗೆ ಹಿಂದೆ ಸರಿಯುತ್ತಾರೆ, ಫಿಡಲ್‌ನವನು ನುಗ್ಗಿ ಬರುತ್ತಾನೆ. ಅವನು ಆ ಕಡೆ ತಿರುಗುವಷ್ಟರಲ್ಲಿ ಬ್ಯಾಂಜೋ. ಯಾರ ಕೈ ಯಾರಿಗೂ ತಾಗುವುದಿಲ್ಲ. ದನಿ ದೊಡ್ಡದು ಮಾಡಬೇಕಾದರೆ ಒಂದು ಹೆಜ್ಜೆ ಮುಂದೆ, ಚಿಕ್ಕದು ಮಾಡಬೇಕಾದರೆ ಒಂದು ಹೆಜ್ಜೆ ಹಿಂದೆ. ಸೌಂಡ್ ಎಂಜಿನಿಯರ್‌ಗೆ ಅಲ್ಲಿ ಹೆಚ್ಚು ಕೆಲಸವೇ ಇಲ್ಲ. ಅಂಥ ಕಡೆ ಒಬ್ಬ ಕೂಗಿದರೆ ಮಿಕ್ಕವರು ಕೇಳಿಸುವುದಿಲ್ಲ. ಅಷ್ಟೇ ವಿಷಯ.

ಗಿಟಾರ್ ಗೌಡ:
@ರಾಲಿ ರಾಯರು ಡೆಲ್ ಮೆಕೌರಿ ಬ್ಯಾಂಡ್ ಹಾಗೆ ಮಾಡುತ್ತಾರಲ್ವಾ ಸಾರ್? ಸ್ಟೀವ್ ಅರ್ಲ್ ಜೊತೆ ಆಲ್ಬಂ ಮಾಡಿದವರು?

ರಾಲಿ ರಾಯರು:
ಅವರೇ. ‘ದಿ ಮೌಂಟನ್’, 1999. ನನ್ನ ಪ್ರಕಾರ ನಾಕನೇ ಬ್ಲಾಕ್ ಅವರು ಕೇಳಬೇಕಾದ್ದು ಅದು. ಸ್ಟೀವ್ ಅರ್ಲ್ ರಾಕ್ ಮತ್ತು ಕಂಟ್ರಿ ಎರಡರಲ್ಲೂ ಕಾಲಿಟ್ಟವರು, ಮೊಂಡ ಮನುಷ್ಯ, ದನಿ ಮರಳುಕಾಗದ. ಡೆಲ್ 1963ರಲ್ಲಿ ಬಿಲ್ ಮನ್ರೋ ತಂಡದಲ್ಲೇ ಹಾಡಿದವರು. ಅರ್ಲ್ ಹೊಸ ಹಾಡು ಬರೆದುಕೊಂಡು ಹೋಗಿ ಡೆಲ್ ಮನೆಯ ಕಟ್ಟುಪಾಡಿನಲ್ಲೇ ಹಾಡಿದರು. ದನಿ ಮಾತ್ರ ಬದಲಾಯಿಸಲಿಲ್ಲ. ಹುಲಿ ಹುಲಿಯಾಗಿಯೇ ಇದೆ.

ಹಳೇ ಕ್ಯಾಸೆಟ್:
ಆ ಜೋಡಿ ಬಾಳಲಿಲ್ಲ ಅನ್ನುವುದನ್ನೂ ಹೇಳಿ. ಅರ್ಲ್ ವೇದಿಕೆಯ ಮೇಲೆ ಬಾಯಿಗೆ ಬಂದ ಹಾಗೆ ಕೆಟ್ಟ ಮಾತಾಡುತ್ತಾರೆ, ಮನೆಮಂದಿ ಮಕ್ಕಳು ಬರುವ ಜಾಗ ಇದು ಅಂತ ಡೆಲ್ ಕಡೆಯವರಿಗೆ ಕಸಿವಿಸಿ ಆಯಿತು ಅಂತ ಆಗ ಪತ್ರಿಕೆಗಳಲ್ಲಿ ಬಂದಿತ್ತು. ಸ್ವರ ಕೂಡಿತು, ನಾಲಗೆ ಕೂಡಲಿಲ್ಲ.

ಕುಡ್ಲದ ಮೀನು:
ಹಹ್ಹ, ನಮ್ಮ ಯಕ್ಷಗಾನ ಮೇಳದಲ್ಲೂ ಜಗಳ ಆಗುವುದು ಹಾಡಿಗಲ್ಲ, ಮಾತಿಗೇ.

ನಾಕನೇ ಬ್ಲಾಕ್:
‘ದಿ ಮೌಂಟನ್’ ಮೂರು ಹಾಡು ಕೇಳಿದೆ. ಇದು ಬೇರೆ ಲೆವೆಲ್ಲು. ಇದರಲ್ಲಿ ದಮ್ ಇದೆ. ಹಾಗಾದರೆ ನನ್ನ ತಕರಾರು ಬ್ಲೂಗ್ರಾಸ್ ಮೇಲಲ್ಲ, ಆ ಟಿ ಬೋನ್ ಬರ್ನೆಟ್ ಮೇಲೆ.

ಗಿಟಾರ್ ಗೌಡ:
ಟಿ ಬೋನ್‌ಗೆ ಏನಾದರೂ ಅಂದರೆ ಸುಮ್ಮನಿರೋಲ್ಲ. ‘ಓ ಬ್ರದರ್, ವೇರ್ ಆರ್ಟ್ ದೌ’ ಸಿನಿಮಾದ ಹಾಡುಗಳು ಅವನ ಕೈಯಿಂದಲೇ ಬಂದವು. ತೆರೆಯ ಮೇಲೆ ಜಾರ್ಜ್ ಕ್ಲೂನಿ ಬಾಯಾಡಿಸುತ್ತಾನೆ, ದನಿ ಡ್ಯಾನ್ ಟಿಮಿನ್ಸ್ಕಿಯದು. ಆ ಟಿಮಿನ್ಸ್ಕಿ ಯಾರು? ಆಗ ಆಲಿಸನ್ ಕ್ರಾಸ್ ತಂಡದ ಗಿಟಾರಿಸ್ಟ್ ಆಗಿದ್ದವರು. 2002ರಲ್ಲಿ ಆ ಆಲ್ಬಂ ಕೂಡ ವರ್ಷದ ಆಲ್ಬಂ ಗ್ರ್ಯಾಮಿ ತಗೊಂಡಿತು. ಅದು ಬರದಿದ್ದರೆ ಪ್ಲಾಂಟ್–ಕ್ರಾಸ್ ಜೋಡಿಗೆ ಯಾರು ದುಡ್ಡು ಹಾಕುತ್ತಿದ್ದರು?

ಧಾರವಾಡ ಪೇಡೆ:
ಈ ಟಿಮಿನ್ಸ್ಕಿ ಡಿಜೆ ಅವಿಚಿಯ ‘ಹೇ ಬ್ರದರ್’ ಹಾಡಿದವರೇ ಹೌದಲ್ರಿ? ನಮ್ಮ ಹಾಸ್ಟೆಲಿನಲ್ಲಿ ದಿನಾ ಹಾಕುತ್ತಿದ್ದರು. ಬ್ಲೂಗ್ರಾಸ್‌ನವರು ಅಂತ ಇವತ್ತು ಗೊತ್ತಾಯಿತು.

ಗಿಟಾರ್ ಗೌಡ:
ಹೌದು ಅವರೇ. 2013.

ಹಳೇ ಕ್ಯಾಸೆಟ್:
ಎಲ್ಲರೂ 2007ರಲ್ಲೇ ನಿಂತಿದ್ದೀರಿ. ಈ ಕೊಡುಕೊಳ್ಳುವಿಕೆ ರಾಕ್‌ನಷ್ಟೇ ಹಳೆಯದು. 1954ರ ಜುಲೈನಲ್ಲಿ ಎಲ್ವಿಸ್ ಪ್ರೀಸ್ಲಿಯ ಮೊದಲ ರೆಕಾರ್ಡ್ ಮೆಂಫಿಸ್‌ನ ಸನ್ ಕಂಪನಿಯಿಂದ ಬಂತು. ಅದರ ಒಂದು ಮಗ್ಗುಲಲ್ಲಿ ಇದ್ದ ಹಾಡು ಯಾವುದು? ‘ಬ್ಲೂ ಮೂನ್ ಆಫ್ ಕೆಂಟಕಿ’. ಬಿಲ್ ಮನ್ರೋ ಬರೆದ ಹಾಡು. ಮನ್ರೋ ಅದನ್ನು ನಿಧಾನ ವಾಲ್ಟ್ಸ್‌ನಲ್ಲಿ, ಮೂರರ ಎಣಿಕೆಯಲ್ಲಿ ಹಾಡಿದ್ದರು. ಎಲ್ವಿಸ್ ಅದನ್ನು ನಾಲ್ಕಕ್ಕೆ ತಿರುಗಿಸಿ ಓಡಿಸಿದ. ಅದೇ ವರ್ಷ ಅಕ್ಟೋಬರಿನಲ್ಲಿ ನ್ಯಾಶ್‌ವಿಲ್‌ನ ಗ್ರ್ಯಾಂಡ್ ಓಲ್ ಆಪ್ರಿ ಎಂಬ ಕಂಟ್ರಿ ಸಂಗೀತದ ದೊಡ್ಡ ವೇದಿಕೆಗೆ ಹೋದಾಗ ಮನ್ರೋ ಹತ್ತಿರ ಹೋಗಿ ಹಾಡನ್ನು ಬದಲಾಯಿಸಿದ್ದಕ್ಕೆ ಕ್ಷಮೆ ಕೇಳಿದ ಅಂತ ಮನ್ರೋ ಅವರೇ ಹೇಳುತ್ತಿದ್ದರು.

ಮನ್ರೋ ಏನು ಮಾಡಿದರು ಗೊತ್ತಾ? ಸಿಟ್ಟಾಗಲಿಲ್ಲ. ಅದೇ 1954ರಲ್ಲಿ ತಮ್ಮ ಹಾಡನ್ನು ತಾವೇ ಮತ್ತೆ ರೆಕಾರ್ಡ್ ಮಾಡಿದರು. ಮೊದಲು ಹಳೆಯ ವಾಲ್ಟ್ಸ್, ಅರ್ಧಕ್ಕೆ ಬಂದಾಗ ದಡಕ್ಕನೆ ಎಲ್ವಿಸ್ ಓಟ. ಬ್ಲೂಗ್ರಾಸ್‌ನ ಅಪ್ಪನೇ ಇಪ್ಪತ್ತು ವರ್ಷ ತುಂಬದ ಹುಡುಗನಿಗೆ ಬಗ್ಗಿದರು. ನಾಕನೇ ಬ್ಲಾಕ್ ಅವರೇ, ನಿಮ್ಮ ‘ಯಾವಾಗಲೂ ರಾಕ್‌ನವರೇ’ ಅನ್ನೋ ಮಾತು ಇಲ್ಲೇ ಬಿತ್ತು.

ನಾಕನೇ ಬ್ಲಾಕ್:
ರಾಯಲ್ಟಿ ಚೆಕ್ ಬಂದರೆ ಯಾರಾದರೂ ಬಗ್ಗುತ್ತಾರೆ ಬಿಡಿ ಸಾರ್.

ಹಳೇ ಕ್ಯಾಸೆಟ್:
ಚೆಕ್ ದಪ್ಪಗೇ ಇತ್ತಂತೆ, ಅದು ನಿಜ. ಆದರೆ ಎಲ್ಲದಕ್ಕೂ ಬಗ್ಗಿದವರಲ್ಲ ಅವರು. 1971ರಲ್ಲಿ ನಿಟಿ ಗ್ರಿಟಿ ಡರ್ಟ್ ಬ್ಯಾಂಡ್ ಎಂಬ ಕ್ಯಾಲಿಫೋರ್ನಿಯಾ ಮೂಲದ ಉದ್ದ ಕೂದಲಿನ ಹುಡುಗರು ನ್ಯಾಶ್‌ವಿಲ್‌ಗೆ ಬಂದು ಹಿರಿಯರನ್ನೆಲ್ಲ ಕೂರಿಸಿ ‘ವಿಲ್ ದ ಸರ್ಕಲ್ ಬಿ ಅನ್‌ಬ್ರೋಕನ್’ ರೆಕಾರ್ಡ್ ಮಾಡಿದರು. ಅರ್ಲ್ ಸ್ಕ್ರಗ್ಸ್ ಬಂದರು, ಮದರ್ ಮೇಬೆಲ್ ಕಾರ್ಟರ್ ಬಂದರು, ಡಾಕ್ ವಾಟ್ಸನ್, ಜಿಮ್ಮಿ ಮಾರ್ಟಿನ್ ಬಂದರು. ಈ ಜಡೆ ಹುಡುಗರು ಏನು ಕಡಿದು ಕಟ್ಟೆ ಹಾಕುತ್ತಾರೋ ಅಂತ ಅನುಮಾನ ಪಡುತ್ತಿದ್ದ ರಾಯ್ ಏಕಫ್ ಕೂಡ ಬಂದು ಹಾಡಿದರು. ಮನ್ರೋ ಮಾತ್ರ ಬರೋಲ್ಲ ಅಂದರು. 1972ರಲ್ಲಿ ಮೂರು ಎಲ್‌ಪಿಯ ಸೆಟ್ಟಾಗಿ ಬಂತು. ಹಾಡಿನ ಮಧ್ಯೆ ಸ್ಟುಡಿಯೋದಲ್ಲಿ ಆಡಿದ ಮಾತುಗಳನ್ನೂ ಹಾಗೇ ಬಿಟ್ಟಿದ್ದಾರೆ. ಡಾಕ್ ವಾಟ್ಸನ್ ಮತ್ತು ಮರ್ಲ್ ಟ್ರಾವಿಸ್ ಜೀವನದಲ್ಲಿ ಮೊದಲ ಸಲ ಭೇಟಿಯಾಗಿ ಮಾತಾಡಿದ್ದು ಅದರಲ್ಲಿ ಕೇಳುತ್ತದೆ. ನನಗೆ ಹಾಡಿಗಿಂತ ಆ ಮಾತೇ ಇಷ್ಟ.

ಷಡ್ಜ:
ಆಹಾ, ಆ ಮಾತುಕತೆ! ಡಾಕ್ ವಾಟ್ಸನ್‌ಗೆ ಕಣ್ಣು ಕಾಣುತ್ತಿರಲಿಲ್ಲ. ದನಿಯಲ್ಲೇ ಎಷ್ಟು ಸಂತೋಷ.

ಗಿಟಾರ್ ಗೌಡ:
ಜೆರಿ ಗಾರ್ಸಿಯಾ ಬಗ್ಗೆ ಯಾರೂ ಎತ್ತಲೇ ಇಲ್ಲವಲ್ಲ! ಗ್ರೇಟ್‌ಫುಲ್ ಡೆಡ್ ಎಂಬ ರಾಕ್ ತಂಡದ ಗಾರ್ಸಿಯಾ. ಅವನು ಮೂಲತಃ ಬ್ಯಾಂಜೋ ಹುಚ್ಚ. ನಾಲ್ಕು ವರ್ಷದ ಮಗುವಾಗಿದ್ದಾಗ ಅಣ್ಣನ ಕೊಡಲಿ ಏಟಿಗೆ ಬಲಗೈ ನಡುಬೆರಳು ಹೋಗಿತ್ತು. ಮೂರು ಬೆರಳಿನ ಬ್ಯಾಂಜೋಗೆ ಆ ಬೆರಳೇ ಬೇಕಾದ್ದು. ಆದರೂ ಬಿಡಲಿಲ್ಲ. 1964ರಲ್ಲಿ ಮನ್ರೋ ತಂಡ ಸೇರುವ ಆಸೆಯಿಂದ ಕಾರು ಹತ್ತಿ ಕ್ಯಾಲಿಫೋರ್ನಿಯಾದಿಂದ ಹೊರಟ. ಮನ್ರೋ ಎದುರಿಗೇ ಇದ್ದರೂ ಹೋಗಿ ಮಾತಾಡಿಸಲು ಧೈರ್ಯ ಸಾಲದೆ ವಾಪಸ್ ಬಂದ. ಆಮೇಲೆ ರಾಕ್ ಸ್ಟಾರ್ ಆದ.

1973ರಲ್ಲಿ ಓಲ್ಡ್ ಅಂಡ್ ಇನ್ ದ ವೇ ಅಂತ ತಂಡ ಕಟ್ಟಿದರು. ಗಾರ್ಸಿಯಾ ಬ್ಯಾಂಜೋ, ಡೇವಿಡ್ ಗ್ರಿಸ್ಮನ್ ಮ್ಯಾಂಡೊಲಿನ್, ಪೀಟರ್ ರೋವನ್ ಗಿಟಾರ್ ಮತ್ತು ಹಾಡು, ವಾಸರ್ ಕ್ಲೆಮೆಂಟ್ಸ್ ಫಿಡಲ್. ರೋವನ್ ಮತ್ತು ಕ್ಲೆಮೆಂಟ್ಸ್ ಇಬ್ಬರೂ ಮನ್ರೋ ಹತ್ತಿರ ಪಳಗಿದವರು. ಕೆಲವೇ ತಿಂಗಳು ನಡೆಯಿತು. ಸ್ಯಾನ್ ಫ್ರಾನ್ಸಿಸ್ಕೋದ ಬೋರ್ಡಿಂಗ್ ಹೌಸ್‌ನಲ್ಲಿ ನುಡಿಸಿದ್ದು 1975ರಲ್ಲಿ ಆಲ್ಬಂ ಆಯಿತು. ರೋಲಿಂಗ್ ಸ್ಟೋನ್ಸ್‌ನ ‘ವೈಲ್ಡ್ ಹಾರ್ಸಸ್’ ಅದರಲ್ಲಿ ಇದೆ. ಫಿಡಲ್ ಕೇಳಿ, ಕೂದಲು ನೆಟ್ಟಗಾಗುತ್ತದೆ. ಗಾರ್ಸಿಯಾ ಅಲ್ಲಿ ಸ್ಟಾರ್ ಅಲ್ಲ. ಎಲ್ಲರ ಹಾಗೆ ಒಬ್ಬ. ತಂಡದಲ್ಲಿ ಅತಿ ಚೆನ್ನಾಗಿ ನುಡಿಸುವವನೂ ಅವನಲ್ಲ. ಅದಕ್ಕೇ ಆ ಆಲ್ಬಂ ಚೆನ್ನಾಗಿರೋದು ಅಂತ ನನ್ನ ವಾದ.

ಸುಮ್ನೆ ಓದುಗ:
ಸ್ಟೋನ್ಸ್ ಅಂದ ತಕ್ಷಣ 2003ರಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ಅವರು ನುಡಿಸಿದ್ದು ನೆನಪಾಯಿತು. ಯಾರು ಯಾರು ಹೋಗಿದ್ದಿರಿ?

ನಾಕನೇ ಬ್ಲಾಕ್:
ನಾನು ಹೋಗಿದ್ದೆ! ಟಿಕೆಟ್ ದುಡ್ಡಿಗೆ ಅಪ್ಪನ ಹತ್ತಿರ ಪುಸ್ತಕ ತಗೋಬೇಕು ಅಂತ ಹೇಳಿದ್ದೆ.

ಹಳೇ ಕ್ಯಾಸೆಟ್:
ನಾನು 2005ರಲ್ಲಿ ರಾಕ್ ಗಿಟಾರಿಸ್ಟ್ ಮಾರ್ಕ್ ನಾಫ್ಲರ್ ಕಛೇರಿಗೆ ಹೋಗಿದ್ದೆ. ಮಾರನೇ ವರ್ಷ ಅವರು ಎಮಿಲೂ ಹ್ಯಾರಿಸ್ ಜೊತೆ ‘ಆಲ್ ದ ರೋಡ್‌ರನ್ನಿಂಗ್’ ತಂದರು. ಎಮಿಲೂ ಪೂರ್ತಿ ಬ್ಲೂಗ್ರಾಸ್ ಗಾಯಕಿ ಅಲ್ಲ, ಆದರೆ 1980ರ ‘ರೋಸಸ್ ಇನ್ ದ ಸ್ನೋ’ ಕೇಳಿದರೆ ಬೇರೆ ಮಾತು ಹೇಳೋಲ್ಲ.

ಕುಡ್ಲದ ಮೀನು:
ನನಗೆ ಒಂದು ಸಂಶಯ. ಇವರೆಲ್ಲ ಬ್ಲೂಗ್ರಾಸ್ ಶುದ್ಧ ಶುದ್ಧ ಅಂತ ಹೇಳ್ತಾರಲ್ಲ, ಅದು ಅಷ್ಟು ಶುದ್ಧ ಇತ್ತಾ? ಶುದ್ಧ ಅಂತ ಜಾಸ್ತಿ ಕೂಗುವಲ್ಲಿ ಏನೋ ಮುಚ್ಚಿಟ್ಟಿರುತ್ತಾರೆ.

ರಾಲಿ ರಾಯರು:
ಸರಿಯಾದ ಜಾಗಕ್ಕೆ ಕೈ ಹಾಕಿದಿರಿ. 1940ರ ದಶಕದಲ್ಲಿ ಮನ್ರೋ ತಂಡದಲ್ಲೇ ಅಕಾರ್ಡಿಯನ್ ಇತ್ತು. ಸ್ಯಾಲಿ ಆನ್ ಫಾರೆಸ್ಟರ್ ಎಂಬ ಮಹಿಳೆ ನುಡಿಸುತ್ತಿದ್ದರು, ರೆಕಾರ್ಡಿಂಗ್ ಇದೆ. ಇವತ್ತು ಯಾರಾದರೂ ಬ್ಲೂಗ್ರಾಸ್ ಉತ್ಸವಕ್ಕೆ ಅಕಾರ್ಡಿಯನ್ ತಂದರೆ ಹಳಬರು ಹುಬ್ಬು ಗಂಟು ಹಾಕುತ್ತಾರೆ. ಆಸ್ಬೋರ್ನ್ ಬ್ರದರ್ಸ್ 60ರ ದಶಕದಲ್ಲೇ ಡ್ರಮ್ಸ್, ಎಲೆಕ್ಟ್ರಿಕ್ ವಾದ್ಯ ಎಲ್ಲ ಬಳಸಿದರು. ಅವರ ‘ರಾಕಿ ಟಾಪ್’ 1967ರದು. ಅದನ್ನು ಬ್ಲೂಗ್ರಾಸ್ ಅಲ್ಲ ಅಂತ ಟೆನೆಸ್ಸಿಯಲ್ಲಿ ನಿಂತು ಹೇಳಿ ನೋಡಿ!

ಮನ್ರೋ ಅವರನ್ನು 1997ರಲ್ಲಿ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್‌ಗೂ ಸೇರಿಸಿದರು, ರಾಕ್‌ಗೆ ದಾರಿ ಹಾಕಿಕೊಟ್ಟ ಹಿರಿಯರು ಅಂತ. ಅವರು ತೀರಿಕೊಂಡ ಮಾರನೇ ವರ್ಷ.

ಗಿಟಾರ್ ಗೌಡ:
ಅದೇ ಹಾಲ್ ಆಫ್ ಫೇಮ್‌ನಿಂದಲೇ ಪ್ಲಾಂಟ್–ಕ್ರಾಸ್ ಕಥೆ ಶುರು ಅನ್ನೋದು ಮಜಾ. 2004ರಲ್ಲಿ ಕ್ಲೀವ್‌ಲ್ಯಾಂಡ್‌ನಲ್ಲಿ ಹಳೆಯ ಬ್ಲೂಸ್ ಗಾಯಕ ಲೆಡ್ ಬೆಲ್ಲಿ ನೆನಪಿಗೆ ನಡೆದ ಕಛೇರಿಯಲ್ಲಿ ಇಬ್ಬರೂ ಮೊದಲ ಸಲ ಒಟ್ಟಿಗೆ ಹಾಡಿದರು.

ಹಳೇ ಕ್ಯಾಸೆಟ್:
ಈಗ ನನ್ನ ಬ್ರಹ್ಮಾಸ್ತ್ರ. ‘ರೇಸಿಂಗ್ ಸ್ಯಾಂಡ್’ನಲ್ಲಿ ‘ಪಾಲಿ ಕಮ್ ಹೋಮ್’ ಮತ್ತು ‘ಥ್ರೂ ದ ಮಾರ್ನಿಂಗ್, ಥ್ರೂ ದ ನೈಟ್’ ಅಂತ ಎರಡು ಹಾಡಿವೆ. ಎರಡನ್ನೂ ಬರೆದವರು ಜೀನ್ ಕ್ಲಾರ್ಕ್. ಬರ್ಡ್ಸ್ ಎಂಬ ರಾಕ್ ತಂಡದ ಗಾಯಕ. ಎರಡೂ ಬಂದದ್ದು 1969ರ ಡಿಲ್ಲರ್ಡ್ ಅಂಡ್ ಕ್ಲಾರ್ಕ್ ಆಲ್ಬಮ್ಮಿನಿಂದ. ಆ ಡಗ್ ಡಿಲ್ಲರ್ಡ್ ಯಾರು? ದಿ ಡಿಲ್ಲರ್ಡ್ಸ್ ಎಂಬ ಬ್ಲೂಗ್ರಾಸ್ ತಂಡದ ಬ್ಯಾಂಜೋ ವಾದಕ. ಅಂದರೆ 1969ರಲ್ಲೇ ಒಬ್ಬ ರಾಕ್ ಗಾಯಕ, ಒಬ್ಬ ಬ್ಲೂಗ್ರಾಸ್‌ನವ ಸೇರಿ ಮಾಡಿದ್ದ ಕೆಲಸ ಅದು. ಆಗ ಯಾರೂ ಕಿವಿಗೊಡಲಿಲ್ಲ, ಮಾರಾಟ ಆಗಲಿಲ್ಲ. ಆ ತಂಡದಲ್ಲಿದ್ದ ಬರ್ನಿ ಲೆಡನ್ ಆಮೇಲೆ ಈಗಲ್ಸ್ ಎಂಬ ರಾಕ್ ತಂಡ ಕಟ್ಟಿದವರಲ್ಲಿ ಒಬ್ಬರಾದರು. ಕ್ಲಾರ್ಕ್ 1991ರಲ್ಲಿ ತೀರಿಕೊಂಡರು. ಅವರ ಹಾಡಿಗೆ ಇಷ್ಟು ದೊಡ್ಡ ಮಾನ ಬಂದದ್ದನ್ನು ನೋಡಲು ಇರಲಿಲ್ಲ.

ನನಗೆ ಪ್ಲಾಂಟ್ ಮೇಲೆ ಗೌರವ ಜಾಸ್ತಿ ಆಗಿದ್ದು ಇದಕ್ಕೇ.

ಷಡ್ಜ:
ಇದು ನನಗೆ ಗೊತ್ತಿರಲಿಲ್ಲ! ಇವತ್ತು ರಾತ್ರಿ ಎರಡನ್ನೂ ಪಕ್ಕಪಕ್ಕ ಇಟ್ಟು ಕೇಳುತ್ತೇನೆ.

ಧಾರವಾಡ ಪೇಡೆ:
ಬರ್ಡ್ಸ್ ಅಂದ್ರ ‘ಟರ್ನ್! ಟರ್ನ್! ಟರ್ನ್!’ ಅವರಲ್ರಿ?

ಹಳೇ ಕ್ಯಾಸೆಟ್:
ಅವರೇ. ಅವರಲ್ಲಿ ಕ್ರಿಸ್ ಹಿಲ್ಮನ್ ಮೊದಲು ಬ್ಲೂಗ್ರಾಸ್ ಮ್ಯಾಂಡೊಲಿನ್ ನುಡಿಸುತ್ತಿದ್ದವರು. ಕೆಂಟಕಿ ಕರ್ನಲ್ಸ್‌ನ ಕ್ಲಾರೆನ್ಸ್ ವೈಟ್ ಆಮೇಲೆ ಸೇರಿದರು. 1968ರಲ್ಲಿ ಗ್ರ್ಯಾಂಡ್ ಓಲ್ ಆಪ್ರಿಯಲ್ಲಿ ಹಾಡಲು ಹೋದಾಗ ಕೇಳುಗರು ಸರಿಯಾಗಿ ಮರ್ಯಾದೆ ಕೊಡಲಿಲ್ಲ. ಹಿಪ್ಪಿಗಳು ಅಂತ.

ನಾಕನೇ ಬ್ಲಾಕ್:
ಸರಿ, ಚರಿತ್ರೆ ಎಲ್ಲ ಒಪ್ಪಿದೆ. ಆದರೂ ಒಂದು ಕೇಳುತ್ತೇನೆ. ಬ್ಲೂಗ್ರಾಸ್‌ನವರು ರಾಕ್ ಮೈದಾನಕ್ಕೆ ಬಂದು ರಾಕ್ ನಿಯಮದ ಪ್ರಕಾರ ಆಡಿದ್ದು ತೋರಿಸಿ. ಎಲ್ವಿಸ್ ಬಿಟ್ಟು.

ರಾಲಿ ರಾಯರು:
ತೋರಿಸೋಣ. ಕ್ರಿಸ್ ಸ್ಟೇಪಲ್ಟನ್ ಮೊದಲು ಸ್ಟೀಲ್‌ಡ್ರೈವರ್ಸ್ ಎಂಬ ಬ್ಲೂಗ್ರಾಸ್ ತಂಡದ ಗಾಯಕ. ಅಲ್ಲಿಂದ ಹೊರಬಂದು ಜಾಂಪ್ಸನ್ ಬ್ರದರ್ಸ್ ಅಂತ ಪಕ್ಕಾ ರಾಕ್ ತಂಡ ಕಟ್ಟಿದರು. ಸ್ಟೀಲ್‌ಡ್ರೈವರ್ಸ್‌ನ ‘ಇಫ್ ಇಟ್ ಹ್ಯಾಡಂಟ್ ಬೀನ್ ಫಾರ್ ಲವ್’ ಹಾಡನ್ನು ಅಡೆಲ್ ಕೂಡ ಹಾಡಿದ್ದಾರೆ. ಕಂಟ್ರಿ ಗಾಯಕಿ ಡಾಲಿ ಪಾರ್ಟನ್ 2001ರಲ್ಲಿ ಕಲೆಕ್ಟಿವ್ ಸೋಲ್ ಎಂಬ ರಾಕ್ ತಂಡದ ‘ಶೈನ್’ ಅನ್ನು ಬ್ಲೂಗ್ರಾಸ್‌ನಲ್ಲಿ ಹಾಡಿ ಗ್ರ್ಯಾಮಿ ತಗೊಂಡರು. ಮರುವರ್ಷ ನಿಮ್ಮ ಜೆಪ್ಪೆಲಿನ್ನಿನ ‘ಸ್ಟೇರ್‌ವೇ ಟು ಹೆವನ್’ ಹಾಡಿದರು. ಕೇಳಿದ್ದೀರಾ?

ಈಗಿನವರಲ್ಲಿ ಬಿಲ್ಲಿ ಸ್ಟ್ರಿಂಗ್ಸ್. ಮಿಷಿಗನ್ ಹುಡುಗ. ಅಕೂಸ್ಟಿಕ್ ಗಿಟಾರ್, ಡ್ರಮ್ಸ್ ಇಲ್ಲ, ಆದರೆ ಗಿಟಾರ್ ದನಿ ಬದಲಿಸುವ ಪೆಡಲ್ ಹಾಕಿ ಒಂದೇ ಹಾಡನ್ನು ಹದಿನೈದು ನಿಮಿಷ ಎಳೆಯುತ್ತಾನೆ. ದೊಡ್ಡ ದೊಡ್ಡ ಒಳಾಂಗಣ ಸ್ಟೇಡಿಯಂ ತುಂಬುತ್ತವೆ. ಜನ ಬರುವುದು ರಾಕ್ ಕಛೇರಿಗೆ ಬರುವ ಹಾಗೇ. 2024ರಲ್ಲಿ ಪಾಪ್ ಗಾಯಕ ಪೋಸ್ಟ್ ಮಲೋನ್‌ನ ಆಲ್ಬಮ್ಮಿನಲ್ಲೂ ನುಡಿಸಿದ್ದಾನೆ.

ನಾಕನೇ ಬ್ಲಾಕ್:
ಡಾಲಿಯ ಸ್ಟೇರ್‌ವೇ ಈಗ ತಾನೇ ಕೇಳಿದೆ. ಪೊಲೀಸ್ ಕಂಪ್ಲೇಂಟ್ ಕೊಡಬಹುದಾ ಅಂತ ಯೋಚಿಸುತ್ತಿದ್ದೇನೆ.

ಷಡ್ಜ:
ನನಗೆ ತುಂಬಾ ಹಿಡಿಸಿತು. ಕೊನೆಯ ಕೋರಸ್ಸಿನಲ್ಲಿ ಚರ್ಚಿನ ಹಾಡಿನ ಹಾಗೆ ಎಲ್ಲ ದನಿ ಸೇರುತ್ತವೆ.

ಸುಮ್ನೆ ಓದುಗ:
ಹೇಸೀಡ್ ಡಿಕ್ಸಿ ಅಂತ ಒಂದು ತಂಡ ಇದೆ. ಎಸಿ/ಡಿಸಿ ಎಂಬ ರಾಕ್ ತಂಡದ ಹಾಡುಗಳನ್ನೆಲ್ಲ ಬ್ಯಾಂಜೋದಲ್ಲಿ ಬಾರಿಸುತ್ತಾರೆ. ತಂಡದ ಹೆಸರನ್ನು ಜೋರಾಗಿ ಹೇಳಿ ನೋಡಿ.

ಗಿಟಾರ್ ಗೌಡ:
ಅದು ತಮಾಷೆ ಗುರು, ಕೊಲಾಬರೇಷನ್ ಅಲ್ಲ. ಐರನ್ ಹಾರ್ಸ್ ಅನ್ನುವವರು ಥ್ರಾಶ್ ಮೆಟಲ್ ಎಂಬ ಅತಿ ವೇಗದ ರಾಕ್ ನುಡಿಸುವ ಮೆಟಾಲಿಕಾ ತಂಡದ ಹಾಡನ್ನು ಮಾಡಿದ್ದಾರೆ, ಅದು ಮಾತ್ರ ಗಂಭೀರವಾಗಿದೆ. ವೇಗ ಹೇಗೂ ಹೊಂದುತ್ತದೆ. ಥ್ರಾಶ್ ಮೆಟಲ್‌ನ ಗಿಟಾರಿಸ್ಟ್‌ನ ಬಲಗೈಗೂ ಬ್ಲೂಗ್ರಾಸ್ ಮ್ಯಾಂಡೊಲಿನ್‌ನವನ ಬಲಗೈಗೂ ವ್ಯತ್ಯಾಸ ಕಡಿಮೆ. ಮಣಿಕಟ್ಟು ಸಡಿಲ, ಪಿಕ್ ಮೇಲೆ ಕೆಳಗೆ, ನಿಲ್ಲಿಸಂಗಿಲ್ಲ.

ಕುಡ್ಲದ ಮೀನು:
ನಮ್ಮ ಕಡೆಯವರು ಯಾರೂ ಇವರ ಜೊತೆ ನುಡಿಸಿಲ್ವಾ?

ಷಡ್ಜ:
ರಾಕ್ ಅಲ್ಲ, ಆದರೆ ಬ್ಯಾಂಜೋದ ಬೆಲಾ ಫ್ಲೆಕ್ ಇದ್ದಾರಲ್ಲ. ವಿಶ್ವಮೋಹನ ಭಟ್ಟರ ಜೊತೆ ‘ತಬುಲಾ ರಾಸಾ’ ಮಾಡಿದರು. ಜಾಕಿರ್ ಹುಸೇನ್, ಎಡ್ಗರ್ ಮೇಯರ್, ರಾಕೇಶ್ ಚೌರಾಸಿಯಾ ಜೊತೆ 2023ರಲ್ಲಿ ‘ಆಸ್ ವಿ ಸ್ಪೀಕ್’. ಅದಕ್ಕೆ 2024ರಲ್ಲಿ ಗ್ರ್ಯಾಮಿಯೂ ಬಂತು. ಅಲ್ಲಿ ಯಾರೂ ಯಾರಿಗೂ ಬಗ್ಗಿಲ್ಲ ಅಂತ ನನಗೆ ಅನಿಸುತ್ತದೆ. ಹಾಡುವವರು ಇಲ್ಲದಿರುವುದೂ ಕಾರಣ ಇರಬಹುದು. ವಾದ್ಯಗಳು ಬೇಗ ರಾಜಿ ಆಗುತ್ತವೆ. ಗಂಟಲಿಗೆ ಅಹಂಕಾರ ಜಾಸ್ತಿ.

ಧಾರವಾಡ ಪೇಡೆ:
ಇದನ್ನ ನಮ್ಮ ಗುರುಗಳ ಮುಂದೆ ಹೇಳಬ್ಯಾಡ್ರಿ ಅಕ್ಕಾರ.

ಗಿಟಾರ್ ಗೌಡ:
@ನಾಕನೇ ಬ್ಲಾಕ್ ಕೊನೆಗೆ ಒಂದು ಕೆಲಸ ಮಾಡು. 2008ರ ಟೂರ್‌ನಲ್ಲಿ ಪ್ಲಾಂಟ್ ಮತ್ತು ಕ್ರಾಸ್ ‘ಬ್ಲ್ಯಾಕ್ ಡಾಗ್’ ಹಾಡಿದ್ದಾರೆ, ಹುಡುಕಿ ನೋಡು. ಬ್ಯಾಂಜೋ ಇಟ್ಟುಕೊಂಡು ನಿಧಾನಕ್ಕೆ. ‘ಬ್ಯಾಟಲ್ ಆಫ್ ಎವರ್‌ಮೋರ್’ ಕೂಡ. 1971ರಲ್ಲಿ ಸ್ಯಾಂಡಿ ಡೆನ್ನಿ ಹಾಡಿದ ಭಾಗ ಇಲ್ಲಿ ಕ್ರಾಸ್‌ದು. ಈ ಜೆಪ್ಪೆಲಿನ್ ಹಾಡಿನಲ್ಲಿ ಮೊದಲಿನಿಂದಲೂ ಮ್ಯಾಂಡೊಲಿನ್ ಇತ್ತು ಅನ್ನೋದು ನೆನಪಿರಲಿ. ನುಡಿಸಿದ್ದು ಜಿಮ್ಮಿ ಪೇಜ್.

ನಾಕನೇ ಬ್ಲಾಕ್:
ಎವರ್‌ಮೋರ್ ನೋಡಿದೆ. ಇದು ಚೆನ್ನಾಗಿದೆ. ಕ್ರಾಸ್ ಮೇಲಿನ ಸ್ವರಕ್ಕೆ ಹೋದಾಗ ಪ್ಲಾಂಟ್ ಅವಳ ಮುಖ ನೋಡುತ್ತಾ ನಿಲ್ಲುತ್ತಾನೆ, ಹಾಡುವುದನ್ನೇ ಮರೆತ ಹಾಗೆ. ‘ಬ್ಲ್ಯಾಕ್ ಡಾಗ್’ ಮಾತ್ರ ನಾನು ಒಪ್ಪೋಲ್ಲ. ಆ ಹಾಡಿಗೆ ಜೆಪ್ಪೆಲಿನ್ನಿನ ಬಾನಮ್‌ನ ಡ್ರಮ್ಸ್ ಬೇಕೇ ಬೇಕು. ‘ಚಕ್’ ಸಾಲದು.

ಹಳೇ ಕ್ಯಾಸೆಟ್:
2021ರಲ್ಲಿ ಎರಡನೇ ಆಲ್ಬಂ ‘ರೇಸ್ ದ ರೂಫ್’ ಬಂದಿದೆ. ಅದನ್ನೂ ಕೇಳಿ ಬಂದು ಜಗಳ ಆಡಿ.

ನಾಕನೇ ಬ್ಲಾಕ್:
ಅದರಲ್ಲೂ ಟಿ ಬೋನ್ ಇದ್ದಾನಾ?

ಗಿಟಾರ್ ಗೌಡ:
ಇದ್ದಾನೆ.

ನಾಕನೇ ಬ್ಲಾಕ್:
ಹೋಗ್ಲಿ ಬಿಡಿ. ಮೊದಲು ಗಾರ್ಸಿಯಾನ ‘ವೈಲ್ಡ್ ಹಾರ್ಸಸ್’ ಮುಗಿಸುತ್ತೇನೆ.

ಕುಡ್ಲದ ಮೀನು:
ರಾಲಿಯ ಅಣ್ಣ, ಆ ಐದು ತಂತಿಯ ಬ್ಯಾಂಜೋ ಊರಿಗೆ ಬರುವಾಗ ವಿಮಾನದಲ್ಲಿ ತರಲಿಕ್ಕೆ ಆಗ್ತದಾ? ಭಾರ ಎಷ್ಟುಂಟು?

ರಾಲಿ ರಾಯರು:
ಹಿಂಬದಿಗೆ ಮರದ ಬಟ್ಟಲು ಇರುವುದು ಒಳ್ಳೇ ಭಾರ ತಮ್ಮಾ, ಪೆಟ್ಟಿಗೆ ಬೇರೆ. ಹಿಂಬದಿ ತೆರೆದಿರುವುದು ಹಗುರ, ಬೆಲೆಯೂ ಕಡಿಮೆ, ಆದರೆ ಸ್ಕ್ರಗ್ಸ್‌ನ ಆ ಚುರುಕು ದನಿ ಬರೋಲ್ಲ. ತಂತಿ ಸಡಿಲಿಸಿ, ಗಟ್ಟಿ ಪೆಟ್ಟಿಗೆಯಲ್ಲಿ ಇಟ್ಟು ತರಬೇಕು. ಯಾವುದು ಬೇಕು ಹೇಳು, ಡಿಸೆಂಬರಿನಲ್ಲಿ ಬರುತ್ತಿದ್ದೇನೆ.

ಕುಡ್ಲದ ಮೀನು:
ಹಗುರದ್ದೇ ಸಾಕು. ಭಜನೆಗೆ ತಾನೆ.

ಹಳೇ ಕ್ಯಾಸೆಟ್:
ಭಜನೆಗಾ? ಮೂರು ಬೆರಳಿನ ಸುರಿಮಳೆಗೆ ತಾಳ ಹಾಕುವವರು ಎಲ್ಲಿಂದ ತರುತ್ತೀರಿ?